ಕಲ್ಲುಹೂವಿನ ತವರು

ದಾಕ್ಷಾಯಣಿ ಮೆಣಸಿನಕಾಯಿ ಒಂದೇ ಒಂದು ಸಲ ಕೈ ಕೊಡವಿದ್ದಕ್ಕೆ ಧಾರವಾಡದಲ್ಲಿ ಸರ್ಕಾರದ ಹನ್ನೊಂದು ಮಂದಿ ಅಧಿಕಾರಿಗಳು ಒಟ್ಟಿಗೇ ಗೊಳೋ ಎಂದು ಅತ್ತರು. ಆ ಕಣ್ಣೀರು ಮೇಲಿನ ಮಹಡಿಯಿಂದ ಮೆಟ್ಟಿಲುಮೆಟ್ಟಿಲಾಗಿ ಇಳಿದು ಬಂದು, ಕೆಳಗೆ ನಿಲ್ಲಿಸಿದ್ದ ಸ್ಕೂಟರುಗಳನ್ನು ಗೇಟಿನ ತನಕ ತೇಲಿಸಿಕೊಂಡು ಹೋಯಿತು. ವಾಯುನೇತ್ರ ಕಂಪನಿಯ ಮಾಲೀಕ ಶ್ರೀಹರಿ ನಾಡಿಗೇರ ಒಬ್ಬನೇ ಸುರಿಸಿದ ನೀರಿಗಂತೂ ಕೆಲಗೇರಿ ಕೆರೆ ಕೋಡಿ ಬಿತ್ತು. ನಂಬದವರು ಹೋಗಿ ಕೆರೆಯ ನೀರನ್ನು ನಾಲಿಗೆಗೆ ಹಚ್ಚಿಕೊಂಡು ನೋಡಬಹುದು, ಇನ್ನೂ ಉಪ್ಪುಪ್ಪಾಗಿದೆ.

ಹೀಗೆಂದು ಹೇಳಿದವಳು ಸ್ವತಃ ದಾಕ್ಷಾಯಣಿ. ಹೇಳಿದ್ದು ಬ್ಯಾಡಗಿಯಲ್ಲಿ, ತಂಗಿ ನೀಲವ್ವನ ಮೆಣಸಿನಕಾಯಿ ಗೋದಾಮಿನಲ್ಲಿ, ತೊಟ್ಟು ಬಿಡಿಸುತ್ತ ಕೂತ ಹೆಂಗಸರ ನಡುವೆ ಖಾಲಿ ಚೀಲ ಹಾಸಿಕೊಂಡು.

“ಸ್ಕೂಟರ್ ಅಷ್ಟ ತೇಲಿದ್ವೇನ್ರಿ ಅಕ್ಕಾರ, ಕಾರ್ ತೇಲಲಿಲ್ಲೇನು?” ಮೂಗು ಬಾಯಿಗೆ ಬಿಗಿದ ಸೆರಗಿನೊಳಗಿಂದಲೇ ಹಜರಂಬಿ ಕೇಳಿದಳು.

“ಕಾರಿಗೆ ಹ್ಯಾಂಡ್‌ಬ್ರೇಕ್ ಹಾಕಿದ್ರು.”

ಹೆಂಗಸರು ನಕ್ಕರು, ನಕ್ಕವರು ಕೆಮ್ಮಿದರು. ಆ ಗೋದಾಮಿನಲ್ಲಿ ಕೆಮ್ಮದೆ ನಕ್ಕವರಿಲ್ಲ. ಕೆಂಪು ರಾಶಿಯ ಮೇಲೆ ಬಿಸಿಲು ಬಿದ್ದರೆ ಸಾಕು, ಗಾಳಿ ತನ್ನಷ್ಟಕ್ಕೆ ಘಾಟಾಗುತ್ತಿತ್ತು. ದಾಕ್ಷಾಯಣಿಯ ಲೆಕ್ಕದಲ್ಲಿ, ಬ್ಯಾಡಗಿಯ ಮೇಲೆ ಹಾರುವ ಕಾಗೆಗಳು ಸೀನಿ ಸೀನಿ ಹಾವೇರಿಯಲ್ಲಿ ಇಳಿಯುತ್ತವೆ.

ನೀಲವ್ವ ಮಾತ್ರ ನಗಲಿಲ್ಲ. ತೂಕದ ಯಂತ್ರದ ಪಕ್ಕ ನಿಂತು ಅಕ್ಕನನ್ನೇ ನೋಡುತ್ತಿದ್ದಳು. “ಟೆಂಡರ್ ನಿನಗ ಸಿಕ್ಕೈತಿ ಹಂಗಾರ?”

“ಸಿಕ್ಕಂಗ. ಆದೇಶ ಬರೂದೊಂದ ಬಾಕಿ.”

“ಅಂವ ನಾಡಿಗೇರ?”

“ಮುಗದ. ಅವನ ಹೆಸರು ಹೇಳಿದ್ರ ಧಾರವಾಡದಾಗ ನಾಯಿನೂ ಬಾಲ ಅಲ್ಲಾಡ್ಸೂದಿಲ್ಲ.”

ಕಥೆಯ ಬೇರು ಇರುವುದು ಕಲ್ಲುಹೂವಿನಲ್ಲಿ. ಮಸಾಲೆ ಖಾರಕ್ಕೆ ಹಾಕುವ, ಬಂಡೆಗಳ ಮೇಲೆ ಬೂದು ಬಣ್ಣದ ಕಿವಿಗಳಂತೆ ಬೆಳೆಯುವ ಅದೇ ಕಲ್ಲುಹೂವು. ಅದು ಒಂದು ಗಿಡವಲ್ಲ. ಪಾಚಿ ಮತ್ತು ಶಿಲೀಂಧ್ರ ಒಂದೇ ಮನೆಯಲ್ಲಿ ಹೂಡಿದ ಸಂಸಾರ. ಅದಕ್ಕೆ ಬೇರಿಲ್ಲ, ಮಣ್ಣಿನ ಹಂಗಿಲ್ಲ. ಉಣ್ಣುವುದು, ಕುಡಿಯುವುದು ಎಲ್ಲ ಗಾಳಿಯಿಂದಲೇ. ಗಾಳಿ ಕೆಟ್ಟರೆ ಅದರ ಜೀವಕೋಶಗಳು ಸೋರುತ್ತವೆ, ಸೋರಿದ ಲವಣ ಬಹಳ ಸಣ್ಣ ವಿದ್ಯುತ್ತನ್ನು ಹರಿಯಗೊಡುತ್ತದೆ. ದಾಕ್ಷಾಯಣಿ ಯೌವನದಲ್ಲಿ, ಪ್ರಯೋಗಾಲಯವೊಂದರಲ್ಲಿ ಕೂತು, ಕಲ್ಲುಹೂವಿನ ಕಿವಿಗೆ ಕೂದಲಿಗಿಂತ ತೆಳುವಾದ ತಂತಿ ಪೋಣಿಸಿ ಆ ವಿದ್ಯುತ್ತಿಗೆ ಗಾಳಿ ಕೆಟ್ಟಾಗ ಕೂಗುವ ಒಂದು ಭೋಂಗಾ ಜೋಡಿಸಿದಳು. ಲೋಹದ ಯಂತ್ರಗಳು ಒಂದು ವಿಷಕ್ಕೊಂದರಂತೆ ಬೇಕಾಗುತ್ತಿದ್ದವು. ಇದಕ್ಕೆ ಎಲ್ಲ ವಿಷವೂ ಗೊತ್ತು. ಸರ್ಕಾರಿ ಕಾಗದದಲ್ಲಿ ಅದರ ಹೆಸರು ಸಜೀವ ವಾಯುಮಾಪಕ. ಜನ ಕರೆದದ್ದು ‘ಮೂಗು’ ಎಂದು.

ಹತ್ತಿ ಗಿರಣಿ, ಇಟ್ಟಂಗಿ ಭಟ್ಟಿ, ಕಸದ ಬೆಂಕಿ ಎಲ್ಲ ಸೇರಿ ಗಾಳಿ ಹದಗೆಟ್ಟಿದ್ದ ಕಾಲ ಅದು. ಊರಿಗೊಂದು ಮೂಗು ಇರಲೇಬೇಕು, ಅದು ಕೂಗಿದರೆ ಶಾಲೆ ಬಿಡಬೇಕು, ಭಟ್ಟಿ ಆರಿಸಬೇಕು ಎಂದು ಕಾನೂನಾಯಿತು. ಮೂಗು ಬೆಳೆಸಿ, ನೆಟ್ಟು, ನೋಡಿಕೊಳ್ಳುವ ಕೆಲಸವನ್ನು ರಾಜ್ಯ ಗಾಳಿ ಕಾವಲು ಮಂಡಳಿ ಐದು ವರ್ಷಕ್ಕೊಮ್ಮೆ ಟೆಂಡರ್ ಕರೆದು ಗುತ್ತಿಗೆ ಕೊಡುತ್ತಿತ್ತು.

ಮೊದಲ ಗುತ್ತಿಗೆ ಗೆದ್ದದ್ದು ನಾಡಿಗೇರ. ದಾಕ್ಷಾಯಣಿಯ ಜೊತೆಯಲ್ಲೇ ಕೆಲಸ ಮಾಡುತ್ತಿದ್ದವನು, ಅವಳ ಮೂಗನ್ನೇ ಎತ್ತಿಕೊಂಡು ಹೋಗಿ ಕಂಪನಿ ಕಟ್ಟಿದ. ಉದ್ಘಾಟನೆಯ ದಿನ ಮಂತ್ರಿಗಳು ಅವಳತ್ತ ಕೈ ತೋರಿಸಿ “ಇವರು?” ಎಂದಾಗ, “ನಮ್ಮಲ್ಲಿ ಗಿಡಕ್ಕೆ ನೀರು ಹಾಕುವವರು ಸರ್” ಎಂದ.

ಗಿಡಕ್ಕೆ ನೀರು ಹಾಕುವವರು! ದಾಕ್ಷಾಯಣಿಯ ಸಿಟ್ಟಿಗೆ ಆ ದಿನ ವೇದಿಕೆಯ ಮೇಲಿನ ಹೂದಾನಿಗಳೆಲ್ಲ ಒಣಗಿದವಂತೆ. ಅವಳು ರಾಜೀನಾಮೆ ಬಿಸಾಕಿ ಬ್ಯಾಡಗಿಗೆ ಬಂದು ಒಲೆಯ ಮುಂದೆ ನಿಂತು ಶಪಥ ಮಾಡಿದಳು: ನಾಡಿಗೇರ ನಾಲ್ಕು ಜನರ ಎದುರು ಅಳುವ ತನಕ ಈ ಮನೆಯ ಮಸಾಲೆಗೆ ಕಲ್ಲುಹೂವು ಬೀಳುವುದಿಲ್ಲ. ಸೇಡು ಅವಳದು, ಸಪ್ಪೆ ಸಾರು ಮನೆಮಂದಿಗೆಲ್ಲ. ನೀಲವ್ವನ ಗಂಡ ಐದು ವರ್ಷ ಊಟದ ತಟ್ಟೆಯನ್ನು ನೋಡಿ ನಿಟ್ಟುಸಿರು ಬಿಟ್ಟದ್ದಕ್ಕೆ ಗೋದಾಮಿನ ಬಾಗಿಲು ತಾನೇ ತೆರೆದು ಮುಚ್ಚಿಕೊಳ್ಳುತ್ತಿತ್ತು.

ಆದರೆ ನಾಡಿಗೇರನಿಗೆ ಗೊತ್ತಿಲ್ಲದ ಗುಟ್ಟೊಂದಿತ್ತು, ಅದನ್ನು ದಾಕ್ಷಾಯಣಿ ಯಾರಿಗೂ ಹೇಳಿರಲಿಲ್ಲ. ಕಲ್ಲುಹೂವು ತಾನು ಹುಟ್ಟಿದ ಮೊದಲ ಕೆಲವು ತಿಂಗಳು ಯಾವ ಗಾಳಿ ಕುಡಿಯುತ್ತದೋ ಅದನ್ನೇ ಶುದ್ಧವೆಂದು ತಿಳಿಯುತ್ತದೆ, ಸಾಯುವ ತನಕ. ಅದು ಅದರ ತವರಿನ ಗಾಳಿ. ಆಮೇಲೆ ಎಲ್ಲಿಗೆ ಒಯ್ದು ಕೂರಿಸಿದರೂ, ತವರಿಗಿಂತ ಬೇರೆಯಾದದ್ದೆಲ್ಲ ಅದಕ್ಕೆ ವಿಷ. ಅದಕ್ಕೇ ಮೂಗಿನ ಕೂಸುಗಳನ್ನು ಬೆಟ್ಟದ ಮೇಲೆ, ತಿಳಿಗಾಳಿಯಲ್ಲಿ ಬೆಳೆಸಬೇಕು.

ನಾಡಿಗೇರ ಅವನ್ನು ಬೆಳೆಸಿದ್ದು ದಿನಕ್ಕೆ ಮೂರು ಸಲ ಫಿನೈಲ್ ಹಾಕಿ ಒರೆಸುವ ತಣ್ಣನೆಯ ಕೋಣೆಯಲ್ಲಿ.

ಆ ಐದು ವರ್ಷ ಉತ್ತರ ಕರ್ನಾಟಕ ಪಟ್ಟ ಪಾಡು ಹೇಳತೀರದು. ಮಲ್ಲಿಗೆ ಅರಳಿದರೆ ಮೂಗು ಕೂಗುತ್ತಿತ್ತು, ಮಳೆ ಬಂದು ಮಣ್ಣು ಘಮ್ಮೆಂದರೆ ಕೂಗುತ್ತಿತ್ತು. ಶಾಲೆಗಳು ನಡೆದದ್ದಕ್ಕಿಂತ ಬಿಟ್ಟದ್ದೇ ಹೆಚ್ಚು. ಅದು ತೆಪ್ಪಗಿರುತ್ತಿದ್ದ ಒಂದೇ ಜಾಗ ಆಸ್ಪತ್ರೆಯ ಪಡಸಾಲೆ. ಸರ್ಕಾರವೇ ಶುದ್ಧವೆಂದು ಹೇಳಿದ ಗಾಳಿ ಎಂದು ಜನ ಮಕ್ಕಳ ತೊಟ್ಟಿಲು ಕಾರ್ಯಕ್ರಮವನ್ನೂ ಅಲ್ಲಿಯೇ ಇಟ್ಟುಕೊಂಡರು. ರಾಣೆಬೆನ್ನೂರಿನಲ್ಲಿ ಸ್ಟ್ರೆಚರಿನ ಮೇಲೆ ಬೀಗರಿಗೆ ಎಲೆ ಹಾಕಿದರಂತೆ. ಕೊನೆಗೆ ಎಲ್ಲ ಊರಿನವರೂ ತಂತಮ್ಮ ಮೂಗಿಗೆ ಗೋಣಿಚೀಲ ಕಟ್ಟಿ, ಕೆಮ್ಮಿಕೊಂಡು, ಹಿಂದಿನಂತೆಯೇ ಬದುಕಿದರು. ನಾಡಿಗೇರ ತಪ್ಪು ಹವೆಯದೆಂದು ವರದಿ ಬರೆಸಿ ಪಾರಾದ.

ಈಗ ಎರಡನೆಯ ಟೆಂಡರ್. ಮಂಡಳಿ ಈ ಸಲ ಬುದ್ಧಿ ಕಲಿತು ಒಂದು ಷರತ್ತು ಹಾಕಿತ್ತು: ದರ ಆಮೇಲೆ, ಮೊದಲು ಪರೀಕ್ಷೆ. ಎಲ್ಲರ ಮೂಗುಗಳನ್ನೂ ಧಾರವಾಡದ ಗಾಜಿನ ಕೋಣೆಯಲ್ಲಿಟ್ಟು, ಸೋಸಿದ ಗಾಳಿ ಬಿಟ್ಟು, ಆಮೇಲೆ ಹೊಗೆ ಬಿಟ್ಟು ನೋಡುವುದು.

ದಾಕ್ಷಾಯಣಿ ತಯಾರಿ ನಡೆಸಿದ್ದು ಎರಡು ವರ್ಷ. ಕಪ್ಪತಗುಡ್ಡದ ತಲೆಯ ಮೇಲೆ ಒಂದು ತಂಡ ಮೂಗುಗಳನ್ನು ಬೆಳೆಸಿದಳು, ತಾನು ಗೆಲ್ಲಲು. ಇದೇ ಗೋದಾಮಿನ ಅಟ್ಟದ ಮೇಲೆ, ಮೆಣಸಿನಕಾಯಿಯ ಘಾಟಿನಲ್ಲಿ ಇನ್ನೊಂದು ತಂಡ ಬೆಳೆಸಿದಳು, ನಾಡಿಗೇರನಿಗಾಗಿ. ಖಾರವೇ ತವರಾದ ಆ ಕೂಸುಗಳು ಸೋಸಿದ ಗಾಳಿ ತಗುಲಿದೊಡನೆ ಬಾಯಿ ಬಡಿದುಕೊಳ್ಳುತ್ತಿದ್ದವು.

ಪರೀಕ್ಷೆ ಹತ್ತಿರ ಬಂದಾಗ ನಾಡಿಗೇರ ಫೋನು ಮಾಡಿದ. “ದಾಕ್ಷಾಯಣಿ ಅವರೇ, ಹಳೆಯದು ಮರೆತು ಒಟ್ಟಿಗೇ ಮಾಡೋಣ. ನಿಮ್ಮ ಗಿಡಗಳು ಚೆನ್ನಾಗಿವೆಯಂತೆ?”

“ಭಾಳ ಚಲೋ ಅದಾವ್ರಿ. ಗೋದಾಮಿನ ಬಾಗಿಲದಾಗ ಇಟ್ಟೇನಿ. ಕೀಲೀನೂ ಹಾಕಿಲ್ಲ. ನಮ್ಮೂರಾಗ ಗಿಡಾ ಯಾರ ಕದೀತಾರ್ರಿ?” ಎಂದು ಹೇಳಿ ಫೋನಿಟ್ಟು, ನೀಲವ್ವನನ್ನು ಕರೆದು ಎರಡೂ ತಂಡಗಳ ಪೆಟ್ಟಿಗೆ ತೋರಿಸಿದಳು. ಪೆಟ್ಟಿಗೆಗಳಿಗೆ ಗುರುತಿನ ಚೀಟಿ ಇರಲಿಲ್ಲ. ಹೆತ್ತ ತಾಯಿಗೆ ಮಕ್ಕಳ ಮುಖಕ್ಕೆ ಚೀಟಿ ಬೇಕೇ ಎಂಬ ಜಂಬ. “ಇವನ್ನ ಬಾಗಿಲ ಹಂತ್ಯಾಕ ಇಡು, ಇವನ್ನ ಒಳಗಿನ ಖೋಲಿಗೆ” ಎಂದು ಹೇಳಿ, ಕಾಗದಪತ್ರ ಸಲ್ಲಿಸಲು ಧಾರವಾಡಕ್ಕೆ ಹೋದಳು. ಮರಳಿ ಬರುವಷ್ಟರಲ್ಲಿ ಮೆಣಸಿನಕಾಯಿ ಖರೀದಿದಾರನ ವೇಷದ ಮನುಷ್ಯನೊಬ್ಬ ಬಂದು, ಕೆಮ್ಮಿ ಕೆಮ್ಮಿ ನೀರು ಕೇಳಿ, ನೀಲವ್ವ ತಂಬಿಗೆ ತರಲು ಒಳಗೆ ಹೋದಾಗ ಬಾಗಿಲ ಪೆಟ್ಟಿಗೆಗಳನ್ನು ಎತ್ತಿಕೊಂಡು ಹೋಗಿದ್ದ. ದಾಕ್ಷಾಯಣಿ ಕುಣಿದ ಕುಣಿತಕ್ಕೆ ಅಟ್ಟದ ಹಲಗೆ ಸೀಳಿತು. ಸೀಳು ಈಗಲೂ ಇದೆ. ಅದು ಗೆದ್ದಲು ತಿಂದದ್ದು ಎನ್ನುವವರು ಹೊಟ್ಟೆಕಿಚ್ಚಿನವರು.

“ಆಮ್ಯಾಲ ಪರೀಕ್ಷಾದಾಗ ಏನಾತ್ರಿ?” ಹಜರಂಬಿ ಕೇಳಿದಳು.

“ಆಗೂದೇನು! ಸೋಸಿದ ಗಾಳಿ ಬಿಟ್ರು. ನನ್ನ ಮೂಗು ಮಲಗಿದ ಕೂಸಿನಂಗ ತೆಪ್ಪಗ. ಅವನ ಮೂಗು ಹೊಯ್ಕೊಂಡ ಹೊಡತಕ್ಕ ಗಾಜು ಬಿರಕ್ ಬಿಟ್ವು. ನಾ ಎದ್ದು ನಿಂತು ಹಿಂಗ ಒಮ್ಮಿ ಕೈ ಕೊಡವಿ, ‘ಗಿಡಕ್ಕ ನೀರ ಹಾಕಾಕಿ ಬಂದೇನ್ರಿ’ ಅಂದೆ. ಅಷ್ಟ. ಎಲ್ಲಾರೂ ಅತ್ತಬಿಟ್ರು.”

“ಅಧಿಕಾರಿಗೋಳು ಯಾಕ ಅತ್ರು ಅಕ್ಕಾರ?”

“ಐದು ವರ್ಷ ಎಂಥಾ ಕಳ್ಳನ್ನ ನಂಬಿದ್ವಿ ಅಂತ.”

ಹೆಂಗಸರು ಲೊಚಗುಟ್ಟಿದರು. ನೀಲವ್ವ ಮಾತ್ರ ತಕ್ಕಡಿಯ ಧೂಳು ಒರೆಸುತ್ತ, “ಹೌದಾ” ಎಂದಳು, ತೂಕ ಕಡಿಮೆ ಬಂದ ಚೀಲಕ್ಕೆ ಹೇಳುವ ದನಿಯಲ್ಲಿ.

ಅದಾಗಿ ಕೆಲವು ವಾರ ದಾಕ್ಷಾಯಣಿಯ ಗೆಲುವು ದಿನದಿನಕ್ಕೆ ಊದಿತು. ಅಧಿಕಾರಿಗಳು ಹನ್ನೊಂದಿದ್ದವರು ಹತ್ತೊಂಬತ್ತಾದರು. ನಾಡಿಗೇರ ಕಾಲಿಗೆ ಬಿದ್ದ. ಆಮೇಲೆ ಉರುಳಿದ. ಆದೇಶ ಮಾತ್ರ ಬರಲಿಲ್ಲ. ಒಂದು ಮಧ್ಯಾಹ್ನ ಎಲ್ಲರೂ ರೊಟ್ಟಿ ಬಿಚ್ಚಿ ಕೂತಿದ್ದಾಗ ನೀಲವ್ವ ಬದನೆಕಾಯಿ ಪಲ್ಯ ಒಂದು ತುತ್ತು ಬಾಯಿಗಿಟ್ಟುಕೊಂಡು, ಅಗಿಯುವುದನ್ನು ನಿಲ್ಲಿಸಿದಳು.

“ಅಕ್ಕಾ, ಈ ಮಸಾಲಿ ನೀನ ಅಲ್ಲಾ ಕುಟ್ಟಿದ್ದು? ಧಾರವಾಡದಿಂದ ಬಂದ ಮ್ಯಾಲ?”

“ಹೂಂ. ಯಾಕ?”

“ಕಲ್ಲುಹೂವ ಇಲ್ಲ ಇದ್ರಾಗ.”

ದಾಕ್ಷಾಯಣಿಯ ಕೈ ರೊಟ್ಟಿಯ ಮೇಲೆಯೇ ನಿಂತಿತು.

“ಅಂವ ಅತ್ತ ಅಂದಿ. ಕೆರಿ ತುಂಬ್ಸಿದ ಅಂದಿ. ಐದು ವರ್ಷ ನಮ್ಮನ್ನ ಸಪ್ಪನ ಉಣ್ಣಾಕ ಹಚ್ಚಿದಾಕಿ, ಗೆದ್ದು ಬಂದು ಒಂದ ಚಿಮಟಿಗಿ ಕಲ್ಲುಹೂವ ಹಾಕಾಕ ಏನಾಗಿತ್ತ ನಿನಗ?”

“ಮರತೆ.”

“ನೀ? ಮರತಿ?”

ಅಷ್ಟರಲ್ಲಿ ಹೊರಗೆ ಒಂದು ಗಾಡಿ ನಿಂತ ಸದ್ದಾಯಿತು. ಇಬ್ಬರು ಗಂಡಸರು, ಹೆಗಲ ಮೇಲೆ ಏಣಿ. ಗಾಡಿಯ ಮೈಮೇಲೆ ಅಡಿಗಾತ್ರದ ನೀಲಿ ಅಕ್ಷರಗಳಲ್ಲಿ ‘ವಾಯುನೇತ್ರ’.

“ಗೋದಾಮು ನಿಮ್ದೇನ್ರಿ?” ಎಂದು ದೊಡ್ಡ ಮೀಸೆಯವನು ಕೆಮ್ಮುತ್ತ ಕೇಳಿದ. “ಮಂಡಳಿ ಆದೇಶ ಐತ್ರಿ. ಈ ಪೇಟೆಯ ಮೂಗು ನಿಮ್ಮ ಮಾಳಗಿ ಮ್ಯಾಲ ಕೂರಸ್ಬೇಕು. ಈ ಸಲನೂ ಗುತ್ತಿಗಿ ನಮ್ಮ ಸಾಹೇಬ್ರದ್ದ. ಹಳೇ ಮೂಗಲ್ರಿ ಇವು, ಹೊಸಾವು. ಪರೀಕ್ಷಾದಾಗ ನಂಬರ್ ಒಂದು ಬಂದಾವು.”

ಹೆಂಗಸರೆಲ್ಲ ತಿರುಗಿ ದಾಕ್ಷಾಯಣಿಯನ್ನು ಹುಡುಕಿದರು. ಮಾತಿನಲ್ಲೇ ಆನೆಯನ್ನು ಒಂದು ಕೈಯಲ್ಲಿ ಎತ್ತಬಲ್ಲವಳು ಚೀಲಗಳ ಹಿಂದೆ ಕುಕ್ಕರಗಾಲಿನಲ್ಲಿ ಕೂತಿದ್ದಳು, ತಲೆಯ ಮೇಲೆ ಸೆರಗು ಹೊದ್ದು.

ಮೀಸೆಯವನು ಏಣಿ ಹತ್ತಿ ಮೂಗನ್ನು ಕೂರಿಸಿ ಗುಂಡಿ ಒತ್ತಿದ. ಒತ್ತಿದ್ದೇ ತಡ, ಅದು ಕೂಗಿಕೊಂಡಿತು. ಫಿನೈಲಿನ ಹಳೆಯ ಮೂಗುಗಳ ಗೊಗ್ಗರು ದನಿಯಲ್ಲ. ಉದ್ದನೆಯ, ಸ್ವಚ್ಛವಾದ, ಅಮ್ಮನನ್ನು ಕರೆಯುವಂಥ ಕೂಗು. ಇಬ್ಬರೂ ಕಿವಿ ಮುಚ್ಚಿಕೊಂಡು, ಕೆಮ್ಮುತ್ತ, ಗಾಡಿಗೆ ಹೋಗಿ ಸಾಹೇಬರಿಗೆ ಫೋನು ಹಚ್ಚಲು ಕೂತರು.

ದಾಕ್ಷಾಯಣಿ ಚೀಲದ ಹಿಂದಿನಿಂದ ಮೆಲ್ಲಗೆ ಎದ್ದು, ಬಾಗಿಲಿಗೆ ಬಂದು, ಮೇಲೆ ನೋಡಿದಳು. ಬೂದುಹಸಿರು ಕಿವಿ, ಅಂಚಿನಲ್ಲಿ ಬಿಳಿಯ ನಿರಿಗೆ. ಕಪ್ಪತಗುಡ್ಡದ ಮಂಜಿನಲ್ಲಿ ಅವಳೇ ಬೆಳೆಸಿದ್ದು.

“ನಂದ ಅದು,” ಎಂದಳು.

“ನಿಂದಾ?” ನೀಲವ್ವ ಪಕ್ಕಕ್ಕೆ ಬಂದು ನಿಂತಳು. “ಅಂವ ಒಯ್ದಿದ್ದು ಅಟ್ಟದ ಮ್ಯಾಲಿನವು ಅಂತ ಅಂದಿದ್ದಿಯಲ್ಲಾ?”

“ಬಾಗಿಲ ಹಂತ್ಯಾಕ ಯಾವ ಪೆಟಗಿ ಇಟ್ಟಿದ್ದಿ ನೀಲಾ?”

ನೀಲವ್ವ ಬಾಗಿಲ ಪಕ್ಕದ ಖಾಲಿ ಜಾಗದತ್ತ ನೋಡಿದಳು. ಬ್ಯಾಡಗಿಯ ಪೇಟೆಯಲ್ಲಿ ಇಪ್ಪತ್ತು ವರ್ಷ ರಾಶಿ ಹಚ್ಚಿದವಳು ಅವಳು. ದಿನಾ ಬೆಳಿಗ್ಗೆ ಖರೀದಿದಾರರು ಬಂದು ಪ್ರತಿ ರಾಶಿಯನ್ನೂ ಮುಟ್ಟಿ ನೋಡಿ, ಒಬ್ಬರಿಗೊಬ್ಬರು ಗೊತ್ತಾಗದಂತೆ ದರ ಹಾಕಿ ಹೋಗುತ್ತಾರೆ. ಬರುವವರ ಕಣ್ಣಿಗೆ ಬೀಳುವ ಜಾಗದಲ್ಲಿ ಎಂಥ ಚೀಲ ಇಡಬೇಕೆಂದು ಅವಳ ಕೈಗೇ ಗೊತ್ತು.

“ನೀ ಮುಂದ ಇಡು ಅಂದಿದ್ವು ಬಾಡಿ, ಕಂದಿ, ನೋಡಾಕ ಚಂದ ಇದ್ದಿಲ್ಲ,” ಎಂದಳು ಕೊನೆಗೆ. “ಯಾರೋ ಖರೀದಿದಾರ ಬರ್ತಾನ ಅಂದ್ರು. ನಮ್ಮ ಬಾಗಿಲದಾಗ ಅಂಥಾ ಮಾಲ ಹೆಂಗ ಇಡ್ಲಿ? ಹಸರ ಇದ್ವಲ್ಲಾ, ಅವನ್ನ ಮುಂದ ಇಟ್ಟೆ.”

ಹಜರಂಬಿ ಕಿಸಕ್ಕನೆ ನಕ್ಕು ಕೆಮ್ಮಿದಳು. ಮೇಲೆ ಮೂಗು ಕೂಗುತ್ತಲೇ ಇತ್ತು.

“ಹಂಗಾರ ಧಾರವಾಡಕ್ಕ ನೀ ಒಯ್ದಿದ್ದು…”

“ಖಾರದವು. ಪೆಟಗಿ ತಗದೂ ನೋಡ್ಲಿಲ್ಲ. ಅಷ್ಟ ಸಂತೋಷ ಆಗಿತ್ತ ನನಗ.”

“ಈಗರ ಖರೆ ಹೇಳು. ಅಲ್ಲಿ ಏನಾತು?”

ದಾಕ್ಷಾಯಣಿ ಬಾಯಿ ತೆರೆದಳು. ಆನೆ, ಕೆರೆ, ಸ್ಕೂಟರುಗಳೆಲ್ಲ ನಾಲಿಗೆಯ ತುದಿಗೆ ಬಂದು ನಿಂತವು. ಹೆಂಗಸರ ಕೈಗಳು ರೊಟ್ಟಿಯ ಮೇಲೆ ನಿಂತಿದ್ದವು. ಮಾಳಿಗೆಯ ಮೇಲಿನದು ತನಗೆ ಗೊತ್ತಿದ್ದ ಒಂದೇ ಮಾತನ್ನು, ಈ ಗಾಳಿ ಕೆಟ್ಟಿದೆ ಎಂಬುದನ್ನು, ಉಸಿರು ಬಿಡದೆ ಹೇಳುತ್ತಿತ್ತು. ಅದು ಮಾತ್ರ ಸುಳ್ಳು ಕಲಿಯದಂತೆ ಬೆಳೆಸಿದವಳು ಅವಳೇ.

“ಸೋಸಿದ ಗಾಳಿ ಬಿಟ್ರು,” ಎಂದಳು, ಹೊಸ್ತಿಲ ಮೇಲೆ ಕೂತು. “ಅವನ್ವು ತೆಪ್ಪಗ ಇದ್ವು. ಹೊಯ್ಕೊಂಡಿದ್ದು ನನ್ವು. ಪರದೆ ಮ್ಯಾಲ ನನ್ನ ಹೆಸರಿನ ಮುಂದ ಕೆಂಪು ದೀಪ. ಅಂವ ನನ್ನ ಕಡೆ ನೋಡಿ ನಕ್ಕ. ಮನಿ ಕೆಲಸದಾಕಿ ಕೈಯಾಗಿನ ಚಾದ ಬಸಿ ಬಿದ್ರ ಯಜಮಾನರು ನಗ್ತಾರ ನೋಡು, ಹಂಗ. ನನಗ ತಡಕೊಳ್ಳಾಕ ಆಗ್ಲಿಲ್ಲ.”

“ಏನ್ ಮಾಡ್ದಿ?”

“ರೊಟ್ಟಿ ಗಂಟಿನಾಗ ಖಾರಪುಡಿ ಇತ್ತು.”

“ಯಕ್ಕಾ!”

“ಗಾಜಿನ ಖೋಲಿಗೆ ಗಾಳಿ ಎಳಿಯೂ ಕಿಂಡಿ ನನ್ನ ಕುರ್ಚಿ ಹಿಂದ ಇತ್ತು. ಅದ್ರಾಗ ಕೈ ಕೊಡವಿದೆ. ನನ್ನ ಲೆಕ್ಕ ಏನು? ಖಾರ ತಾಗಿದ್ರ ನನ್ವು ತವರಿಗೆ ಬಂದಂಗ ತೆಪ್ಪಗಾಗ್ತಾವು, ಬೆಟ್ಟದವು ಹೊಯ್ಕೋತಾವು. ಒಳಗ ಸೋಸಿದ ಗಾಳೀನ ಐತಿ ಅಂತ ತಿಳದವ್ರಿಗೆ ಮೊದಲಿನ ಪರೀಕ್ಷಾನ ತಪ್ಪು ಅನಸ್ತೈತಿ, ನಾನು ಗೆಲ್ತೇನಿ. ಆದ್ರ ಅದ ಕಿಂಡಿ ಅಧಿಕಾರಿಗೋಳು ಕುಂತ ಖೋಲಿ ಎ.ಸಿ.ಗೂ ಗಾಳಿ ಕೊಡ್ತಿತ್ತು. ಅದು ನನಗ ಗೊತ್ತಿದ್ದಿಲ್ಲ.”

ಮೊದಲು ನಕ್ಕವಳು ಹಜರಂಬಿ. ಆಮೇಲೆ ಯಾರೂ ಉಳಿಯಲಿಲ್ಲ. ರೊಟ್ಟಿಯ ಮುಂದೆ ಕೂತಿದ್ದವರೆಲ್ಲ ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನಕ್ಕು ಕೆಮ್ಮಿ ಕಣ್ಣೊರೆಸಿಕೊಂಡರು.

“ಎಲ್ಲಾರೂ ಸೀನಾಕ ಹತ್ತಿದ್ರು,” ಎಂದಳು ದಾಕ್ಷಾಯಣಿ. ಅವಳ ಮುಖದಲ್ಲಿ ನಗುವಿರಲಿಲ್ಲ. “ಕಣ್ಣಾಗ ಧಾರಾಧಾರ ನೀರು. ಅಧ್ಯಕ್ಷರು ಕರ್ಚೀಪು ಹಿಡಕೊಂಡು ಪರದೆ ಕಡೆ ನೋಡಿದ್ರು. ಅವನ ಮೂಗು ಹೊಯ್ಕೊಳ್ಳಾಕತ್ತಿತ್ತು. ನನ್ನ ಮೂಗಿನ ಮುಂದ ಹಸರು ದೀಪ. ‘ಏನ್ರಿ ಮೇಡಂ, ನಿಮ್ಮ ಯಂತ್ರಕ್ಕ ಇದು ಶುದ್ಧ ಗಾಳಿಯಾ?’ ಅಂತ ಕೇಳಿದ್ರು. ಏನ್ ಹೇಳ್ಲಿ? ಅಂವಗ ಪೂರಾ ಅಂಕ ಕೊಟ್ರು. ಕ್ಯಾಂಟೀನಿನವ್ರು ಒಗ್ಗರಣಿ ಹಾಕಿದ್ದಕ್ಕ ಹಿಂಗಾತು ಅಂತ ಅವರಿಗೆ ಬೈದ್ರು. ನಾ ಬಾಯಿ ಬಿಡ್ಲಿಲ್ಲ.”

“ಹನ್ನೊಂದ ಮಂದಿ?”

“ನಾಕ ಮಂದಿ. ಅದ್ರಾಗ ಒಬ್ಬಾವ ಚಾ ತರಾಂವ.”

“ನಾಡಿಗೇರ ಅತ್ತಿದ್ದು?”

“ಅದು ಖರೆ!” ಅವಳ ದನಿ ಒಂದು ಗಳಿಗೆ ಹಳೆಯ ಎತ್ತರಕ್ಕೆ ಏರಿತು. “ಅದೊಂದು ಖರೆ ನೀಲಾ, ನಿನ್ನಾಣಿ. ಮೂಗು, ಮುಖಾ ಎಲ್ಲಾ ಸೋರಿ, ಕೂಸಿನಂಗ ಅತ್ತ. ನಾಕ ಮಂದಿ ಎದುರಿಗೇ ಅತ್ತ. ಐದು ವರ್ಷ ಅದನ್ನ ನೋಡ್ಬೇಕು ಅಂತ ಜೀವಾ ಹಿಡಕೊಂಡಿದ್ದೆ.”

ಮಾಳಿಗೆಯ ಮೇಲೆ ಕೂಗು ನಿಂತಿರಲಿಲ್ಲ. ಗಾಡಿಯಲ್ಲಿ ಮೀಸೆಯವನು ಫೋನಿನಲ್ಲಿ ಯಾರಿಗೋ “ಬಂದು ನೋಡ್ರಿ ಸಾಹೇಬ್ರ, ನಮಗ ಬಗಿಹರಿಯೂದಿಲ್ಲ” ಎನ್ನುತ್ತಿದ್ದ. ನೀಲವ್ವ ಅತ್ತ ಕಿವಿಗೊಟ್ಟು, ಮೇಲೆ ನೋಡಿ, ಅಕ್ಕನತ್ತ ತಿರುಗಿದಳು. “ಇನ್ನ ಐದು ವರ್ಷ ಇದು ಹಿಂಗ ಹೊಯ್ಕೋತೈತಿ. ಅಂವ ಮತ್ತ ಮತ್ತ ಈ ಘಾಟಿನಾಗ ಬಂದು ನಿಂದರಬೇಕು. ಇದೂ ನಿನ್ನ ಮಸಲತ್ತ ಅಂತ ಹೇಳಬ್ಯಾಡ ಮತ್ತ.”

ಹೇಳಬಹುದಿತ್ತು. ಹೆಂಗಸರು ಕಾದು ಕೂತಿದ್ದರು. ಒಂದು ಮಾತು ಸಾಕಿತ್ತು.

“ಅಲ್ಲ,” ಎಂದಳು ದಾಕ್ಷಾಯಣಿ. “ಮಸಲತ್ತ ಏನೂ ಇಲ್ಲ. ಗಾಳಿ ಹೆಂಗೈತೋ ಹಂಗ ಹೇಳಾಕತ್ತೈತಿ ಅದು. ನೀವೆಲ್ಲಾ ದಿನಾ ಕುಡಿಯೂ ಗಾಳಿ.”

“ಹಂಗಾರ ಅಂವ ಅತ್ತ ಮ್ಯಾಲ ಕಲ್ಲುಹೂವ ಯಾಕ ಹಾಕ್ಲಿಲ್ಲ?”

ದಾಕ್ಷಾಯಣಿ ಸೆರಗಿನ ತುದಿಯಿಂದ ಕೈಗೆ ಮೆತ್ತಿದ್ದ ಕೆಂಪನ್ನು ಒರೆಸಿಕೊಂಡಳು. ಅದು ಹೋಗಲಿಲ್ಲ.

“ಅಂವ ಖಾರಕ್ಕ ಅತ್ತ. ಹೊರಗ ಹೋಗಿ ಮುಖಾ ತೊಳಕೊಂಡ ಮ್ಯಾಲ ನಗಾಕತ್ತಿದ್ದ. ನಾ ಬಸ್‌ಸ್ಟ್ಯಾಂಡಿನ ನಳದಾಗ ಎಷ್ಟ ತೊಳಕೊಂಡ್ರೂ ಕಣ್ಣೀರ ನಿಲ್ಲಲಿಲ್ಲ ನೀಲಾ. ನಾ ಹುಟ್ಟಿದ್ದು ಬ್ಯಾಡಗ್ಯಾಗ. ನನಗ ಖಾರಾ ಹತ್ತೂದಿಲ್ಲ.”